ತಲೆ ಮುರಿದ ಸ್ಪ್ರಿಂಗ್ ಬೋಲ್ಟ್ ಹೊರಗೆ ಬಂದದ್ದು ಹೀಗೆ

ನಮ್ಮ ಹಳೆಯ ಆಂಬಾಸಿಡರ್‌ನ ಹಿಂದಿನ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಬಿಚ್ಚುವಾಗ, ಅದರ ಮುಂದಿನ ಕಣ್ಣಿನ (ತುದಿಯಲ್ಲಿ ಸುತ್ತಿದ ತೂತಿನ) ಬೋಲ್ಟ್‌ನ ತಲೆ ಪಟ್ಟನೆ ಮುರಿಯಿತು. ನಟ್ ಸಲೀಸಾಗಿಯೇ ಬಂದಿತ್ತು. ಸಿಕ್ಕಿಕೊಂಡಿದ್ದು ನಡುವಿನ ಭಾಗ. ಕಣ್ಣಿನೊಳಗೆ ಕೂರುವ ರಬ್ಬರ್ ಬುಷ್ ಒಳಗೆ ಒಂದು ಉಕ್ಕಿನ ಕೊಳವೆ ಇರುತ್ತೆ ಅಲ್ವಾ, ಬೋಲ್ಟ್ ಅದಕ್ಕೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟರೂ ಜಗ್ಗಲಿಲ್ಲ. ಸುತ್ತಿಗೆಯ ಏಟನ್ನೆಲ್ಲ ರಬ್ಬರ್ ನುಂಗಿಬಿಡುತ್ತಿತ್ತು.

ಗ್ಯಾಸ್ ಹಿಡಿದು ಕಾಯಿಸೋಣ ಎಂದರು ಗೆಳೆಯರು. ನಾನು ಖಂಡಿತ ಬೇಡ ಎಂದೆ. ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇದೆ, ರಬ್ಬರ್ ಕೂಡ ಹೊತ್ತಿಕೊಳ್ಳುತ್ತೆ.

ಕೊನೆಗೆ ಕೊಯ್ದೇ ತೆಗೆದೆ. ಬಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್‌ಗೆ ಬೇರೆ ಜಾಕ್ ಕೊಟ್ಟು ಸ್ಪ್ರಿಂಗ್‌ನ ಭಾರ ಇಳಿಸಿದೆ. ಬೋಲ್ಟನ್ನು ಹಿಡಿಯುವ ಬಾಡಿಯ ಬ್ರಾಕೆಟ್‌ಗೂ ಬುಷ್‌ಗೂ ನಡುವೆ ಬರೀ ಬ್ಲೇಡ್ ತೂರುವಷ್ಟು ಸಂದು. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಆಗಾಗ ಎಣ್ಣೆ ಬಿಡುತ್ತಾ ಎರಡೂ ಕಡೆ ಕೊಯ್ದೆ. ಇಲ್ಲಿ ಅವಸರ ಮಾಡಿದರೆ ಬ್ಲೇಡ್ ಮುರಿಯುತ್ತೆ, ಅಷ್ಟೇ. ಬೋಲ್ಟ್ ತುಂಡಾದ ಮೇಲೆ ಸ್ಪ್ರಿಂಗ್ ಕಣ್ಣು ಕೆಳಗಿಳಿಯಿತು. ಬ್ರಾಕೆಟ್‌ನಲ್ಲಿ ಉಳಿದ ಚೂರುಗಳು ಪಂಚ್ ಇಟ್ಟು ತಟ್ಟಿದ ಕೂಡಲೇ ಬಿದ್ದವು.

ಹೊಸ ಬುಷ್ ಅನ್ನು ವೈಸ್‌ನಲ್ಲಿ ಒತ್ತಿ ಕೂರಿಸಿದೆ. ಬೋಲ್ಟ್ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. ಇದು ಇಂಚಿನ ಅಳತೆಯದು, ಮೆಟ್ರಿಕ್ ಕೂರಲ್ಲ. ತಲೆ ಮೇಲೆ 3 ಗೆರೆ ಇರುವ ಗ್ರೇಡ್ 5 ಹೈ ಟೆನ್ಸೈಲ್ (ಹೆಚ್ಚು ಎಳೆತ ತಾಳುವ) ಬೋಲ್ಟನ್ನೇ ಹುಡುಕಿ ತಂದೆ. ನಡುಭಾಗಕ್ಕೆ ಗ್ರೀಸ್ ಸವರಿ ತೂರಿಸಿ, ಚಕ್ರಗಳು ನೆಲಕ್ಕೆ ಕೂತ ಮೇಲಷ್ಟೇ ಪೂರ್ತಿ ಬಿಗಿ ಮಾಡಿದೆ. ಗಾಡಿ ಎತ್ತಿದ್ದಾಗಲೇ ಬಿಗಿದರೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.