ಎಂಟು ಸಾಲಿನ ಅಸೆಂಬ್ಲಿ: ಹಳೆಯ ಬಿಬಿಸಿ ಮೈಕ್ರೋದಲ್ಲಿ ಮೊದಲ ಪಾಠ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಶಾಲಾ ಮಕ್ಕಳಿಗೆ ಸ್ಕ್ರ್ಯಾಚ್, ಪೈಥಾನ್ ಹೊಸತಲ್ಲ. ಐಸಿಟಿ ಪಾಠದಲ್ಲೇ ಬರುತ್ತವೆ. ಆದರೆ ಪ್ರೋಗ್ರಾಂ ಓಡುವಾಗ ಒಳಗಿನ ಚಿಪ್ ಏನು ಮಾಡುತ್ತಿದೆ ಎಂದು ನೋಡಬೇಕಾದರೆ ಅಸೆಂಬ್ಲಿ, ಅಂದರೆ ಚಿಪ್‌ನ ಆಜ್ಞೆಗಳನ್ನೇ ಒಂದೊಂದಾಗಿ ಬರೆಯುವ ಭಾಷೆ, ಕಲಿಯಬೇಕು. ಇಂದಿನ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಹೊಸಬರಿಗೆ ತೀರಾ ದೊಡ್ಡದು. ನನ್ನ ಸಲಹೆ, 1981ರ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರಿನಿಂದ ಶುರು ಮಾಡಿ.

ಅದರಲ್ಲಿರುವುದು 6502 ಚಿಪ್. ಆಜ್ಞೆಗಳು 56 ಮಾತ್ರ. ಲೆಕ್ಕಕ್ಕೆ ಎ, ಎಕ್ಸ್, ವೈ ಎಂಬ ಮೂರು ರಿಜಿಸ್ಟರ್, ಅಂದರೆ ಚಿಪ್ ಒಳಗೇ ಸಂಖ್ಯೆ ಇಡುವ ಜಾಗ. ಇಡೀ ಯಂತ್ರ ತಲೆಯಲ್ಲಿ ಕೂರುತ್ತದೆ. ಅಸೆಂಬ್ಲಿಯನ್ನು ಚಿಪ್‌ನ ಸಂಖ್ಯೆಗಳಾಗಿ ಬದಲಿಸುವ ಅಸೆಂಬ್ಲರ್ ಅದರ ಬೇಸಿಕ್ ಭಾಷೆಯ ಒಳಗೇ ಇದೆ, ಬೇರೆ ತಂತ್ರಾಂಶ ಬೇಡ. 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಇದೇ ಕಂಪ್ಯೂಟರ್ ಬಂದಿತ್ತು. ಇದನ್ನು ರೂಪಿಸಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರೇ ಮುಂದೆ ಆರ್ಮ್ ಪ್ರೊಸೆಸರ್ ವಿನ್ಯಾಸ ಮಾಡಿದರು. ನಿಮ್ಮ ಮೊಬೈಲ್ ಒಳಗೆ ಇರುವುದು ಅದರ ವಂಶವೇ.

ಹಳೆಯ ಯಂತ್ರ ಹುಡುಕಿ ಅಲೆಯಬೇಡಿ. ಆ ಯಂತ್ರದಂತೆಯೇ ನಡೆದುಕೊಳ್ಳುವ ಜೆಎಸ್‌ಬೀಬ್ ಎಂಬ ಎಮ್ಯುಲೇಟರ್ ಬ್ರೌಸರ್‌ನಲ್ಲೇ ಓಡುತ್ತದೆ. ತೆರೆದು ಕೆಳಗಿನದನ್ನು ಟೈಪ್ ಮಾಡಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಹೊಡೆಯಿರಿ.

10 ಡಿಮ್ ಎಂ% 100
20 ಪಿ%=ಎಂ%
30 [
40 ಎಲ್‌ಡಿಎ #65
50 ಜೆಎಸ್‌ಆರ್ &ಎಫ್‌ಎಫ್‌ಇಇ
60 ಆರ್‌ಟಿಎಸ್
70 ]
80 ಕಾಲ್ ಎಂ%

ಚೌಕ ಕಂಸ ಹೊಡೆದರೆ ಪರದೆಯ ಮೇಲೆ ಬಾಣದ ಗುರುತು ಕಾಣುತ್ತದೆ. ಗಾಬರಿ ಬೇಡ, ಆ ಯಂತ್ರದ ಪರದೆಯಲ್ಲಿ ಅದು ಹಾಗೆಯೇ.

10ನೇ ಸಾಲು ಮೆಮೊರಿಯಲ್ಲಿ ಜಾಗ ಕಾದಿರಿಸುತ್ತದೆ. 20ನೇ ಸಾಲು ಕೋಡ್ ಎಲ್ಲಿಂದ ಕೂರಬೇಕೆಂದು ಹೇಳುತ್ತದೆ. ಕಂಸದ ನಡುವಿನದು ಅಸೆಂಬ್ಲಿ. ಎಲ್‌ಡಿಎ ಎಂದರೆ ಎ ರಿಜಿಸ್ಟರಿಗೆ ಸಂಖ್ಯೆ ತುಂಬು. 65 ಎಂಬುದು ಇಂಗ್ಲಿಷ್ ಎ ಅಕ್ಷರದ ಸಂಖ್ಯೆ. ಜೆಎಸ್‌ಆರ್ ಎಂದರೆ ಆ ವಿಳಾಸಕ್ಕೆ ಹೋಗಿ ಕೆಲಸ ಮುಗಿಸಿ ವಾಪಸ್ ಬಾ. ಅಕ್ಷರವನ್ನು ಪರದೆಗೆ ಬರೆಯುವ ಕೆಲಸ ಆ ವಿಳಾಸದಲ್ಲಿದೆ. ವಿಳಾಸದ ಮುಂದಿನ & ಗುರುತು, ಸಂಖ್ಯೆ ಹದಿನಾರರ ಲೆಕ್ಕದ್ದು (0ರಿಂದ 9, ಆಮೇಲೆ ಎಯಿಂದ ಎಫ್) ಎಂದು ಹೇಳುತ್ತದೆ. ಆರ್‌ಟಿಎಸ್ ಎಂದರೆ ಬೇಸಿಕ್‌ಗೆ ಮರಳು. ಇದನ್ನು ಬಿಟ್ಟರೆ ಚಿಪ್ ನಿಲ್ಲುವುದಿಲ್ಲ, ಮುಂದೆ ಸಿಕ್ಕಿದ ಕಸವನ್ನೂ ಆಜ್ಞೆ ಎಂದೇ ಓದುತ್ತದೆ. ಹಾಗಾದರೆ ಬ್ರೇಕ್ ಕೀ ಒತ್ತಿ, ಓಲ್ಡ್ ಎಂದು ಹೊಡೆಯಿರಿ. ಸಾಮಾನ್ಯವಾಗಿ ಬರೆದದ್ದು ವಾಪಸ್ ಸಿಗುತ್ತದೆ.

ಈಗ ರನ್ ಕೊಡಿ. ಒಂದು ಎ ಅಕ್ಷರ ಬರುತ್ತದೆ. ಅದಕ್ಕಿಂತ ಮೇಲೆ ಮೂಡುವ ಪಟ್ಟಿಯನ್ನು ನಿಧಾನವಾಗಿ ಓದಿ, ನಿಜವಾದ ಪಾಠ ಅಲ್ಲಿದೆ. ಎಲ್‌ಡಿಎ ಸಾಲಿನ ಪಕ್ಕ ಎ9 41 ಎಂದಿರುತ್ತದೆ. ಎ9 ಆಜ್ಞೆ, 41 ಎಂದರೆ ಹದಿನಾರರ ಲೆಕ್ಕದಲ್ಲಿ 65. ಜೆಎಸ್‌ಆರ್ ಪಕ್ಕ 20 ಇಇ ಎಫ್‌ಎಫ್. ವಿಳಾಸ ತಿರುವುಮುರುವಾಗಿದೆ ಅಲ್ವಾ? 6502 ಕೆಳಗಿನ, ಅಂದರೆ ಬಲಬದಿಯ, ಬೈಟನ್ನು ಮೊದಲು ಇಡುತ್ತದೆ. ಕೊನೆಗೆ 60. ಒಟ್ಟು ಆರು ಬೈಟ್. ಚಿಪ್ ಓದುವುದು ಇಷ್ಟನ್ನೇ.

ಮುಂದಿನದು ಕೂಡುವುದು. ಕಂಸದೊಳಗಿನ ಮೂರು ಸಾಲು ತೆಗೆದು, 30ಕ್ಕೂ 70ಕ್ಕೂ ನಡುವಿನ ಸಾಲು ಸಂಖ್ಯೆ ಕೊಟ್ಟು ಎಲ್‌ಡಿಎ #200, ಸಿಎಲ್‌ಸಿ, ಎಡಿಸಿ #100, ಎಸ್‌ಟಿಎ &70, ಆರ್‌ಟಿಎಸ್ ಬರೆಯಿರಿ. 90ನೇ ಸಾಲಿಗೆ ಪ್ರಿಂಟ್ ?&70 ಸೇರಿಸಿ. ಎಡಿಸಿ ಎಂದರೆ ಕೂಡು, ಎಸ್‌ಟಿಎ ಎಂದರೆ ಎ ರಿಜಿಸ್ಟರಿನಲ್ಲಿರುವುದನ್ನು ಆ ಮೆಮೊರಿ ವಿಳಾಸದಲ್ಲಿ ಇಡು. ಉತ್ತರ 300 ಬರುವುದಿಲ್ಲ, 44 ಬರುತ್ತದೆ. ಒಂದು ಬೈಟ್‌ನಲ್ಲಿ 255ರ ತನಕ ಮಾತ್ರ ಹಿಡಿಯುತ್ತದೆ. ಕುಡ್ತೆಗೆ ಸೇರು ಅಕ್ಕಿ ಸುರಿದ ಹಾಗೆ, ಹೆಚ್ಚಾದದ್ದು ಹೊರಗೆ. ಆದರೆ ಚಿಪ್ ಅದನ್ನು ಮರೆಯುವುದಿಲ್ಲ, ಕ್ಯಾರಿ ಎಂಬ ಗುರುತಿನಲ್ಲಿ 1 ಎಂದು ಇಟ್ಟುಕೊಳ್ಳುತ್ತದೆ. ದೊಡ್ಡ ಸಂಖ್ಯೆಗಳನ್ನು ಕೂಡುವಾಗ ಮುಂದಿನ ಬೈಟ್‌ಗೆ ಅದೇ ದಶಕ. ಹಳೆಯ ದಶಕ ಹೊಸ ಲೆಕ್ಕಕ್ಕೆ ಸೇರದಿರಲಿ ಎಂದೇ, ಕೂಡುವ ಮೊದಲು ಸಿಎಲ್‌ಸಿಯಿಂದ ಅದನ್ನು ಒರೆಸುವುದು.

ಇಂಥದ್ದನ್ನು ಕಾಗದದಲ್ಲಿ ಮಾಡುವ ಅಭ್ಯಾಸ ಬೆಳೆಸಿಕೊಳ್ಳಿ. ಆಟಿ ತಿಂಗಳ ಮಳೆಗೆ ಕರೆಂಟ್ ಹೋದರೂ ಕಲಿಕೆ ನಿಲ್ಲಬೇಕಾಗಿಲ್ಲ. ಎ ರಿಜಿಸ್ಟರಿಗೊಂದು ಕಾಲಂ, ಕ್ಯಾರಿಗೊಂದು ಕಾಲಂ ಹಾಕಿ, ಪ್ರತಿ ಆಜ್ಞೆಯ ನಂತರ ಏನಾಯಿತೆಂದು ಬರೆಯಿರಿ.

ಕೊನೆಗೆ ಲೂಪ್. ಎಲ್‌ಡಿಎ #65 ಆದ ಮೇಲೆ .ಎಲ್ ಎಂದು ಗುರುತು ಹಾಕಿ. ಅದರ ಕೆಳಗೆ ಮೊದಲಿನ ಜೆಎಸ್‌ಆರ್, ಬಳಿಕ ಸಿಎಲ್‌ಸಿ, ಎಡಿಸಿ #1, ಸಿಎಂಪಿ #91, ಬಿಎನ್‌ಇ ಎಲ್, ಆರ್‌ಟಿಎಸ್. ಸಿಎಂಪಿ ಎಂದರೆ ಹೋಲಿಸು, ಬಿಎನ್‌ಇ ಎಂದರೆ ಸಮ ಇಲ್ಲದಿದ್ದರೆ ಆ ಗುರುತಿಗೆ ಹೋಗು. ಎ ರಿಜಿಸ್ಟರ್ 91 ಆಗುವ ತನಕ ಚಿಪ್ ಹಿಂದಿರುಗುತ್ತಲೇ ಇರುತ್ತದೆ, 26 ಅಕ್ಷರಗಳೂ ಸಾಲಾಗಿ ಬೀಳುತ್ತವೆ.

ಇನ್ನು ನೀವೇ ಕೊನೆಯ ಅಕ್ಷರದಿಂದ ಹಿಂದಕ್ಕೆ ಬರೆಸಿ. ಕಳೆಯಲು ಎಸ್‌ಇಸಿ (ಕ್ಯಾರಿಯನ್ನು 1 ಮಾಡು), ಎಸ್‌ಬಿಸಿ #1 (1 ಕಳೆ) ಬೇಕು. ಎಲ್ಲಿ ನಿಲ್ಲಬೇಕೆಂದು ಮೊದಲು ಕಾಗದದಲ್ಲಿ ಲೆಕ್ಕ ಹಾಕಿ.