ಸೂಜಿಗೆ ಮೊದಲಿನ ಹತ್ತು ನಿಮಿಷ

ಇತರರೊಡನೆ ಬೆರೆಯುವುದು, ಮಾತು, ವರ್ತನೆ ಬೇರೆ ರೀತಿಯಲ್ಲಿ ಬೆಳೆಯುವ ಆಟಿಸಂ ಬಗ್ಗೆ ಎಂಬಿಬಿಎಸ್‌ನಲ್ಲಿ ನಾನು ಓದಿದ್ದು ಒಂದೆರಡು ಪುಟ. ಪರೀಕ್ಷೆಗೆ ಬರುವುದಿಲ್ಲ ಎಂದು ಸೀನಿಯರ್‌ಗಳು ಹೇಳಿದ್ದರು, ಬರಲೂ ಇಲ್ಲ. ಕಾಸರಗೋಡು ಜಿಲ್ಲೆಯ ಮೂಡಣ ಅಂಚಿನಲ್ಲಿ, ಅಡಿಕೆ ತೋಟ ಮತ್ತು ಗೇರುಗುಡ್ಡೆಗಳ ನಡುವಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಸೇರಿದ ಮೇಲೆಯೇ ಅದರ ತೂಕ ಅರಿವಾದದ್ದು. ಮಕ್ಕಳ ಬೆಳವಣಿಗೆಯ ತಜ್ಞರು ಇಲ್ಲಿ ಹತ್ತಿರದಲ್ಲಿ ಯಾರೂ ಇಲ್ಲ. ಒಂದೂವರೆ ವರ್ಷದ ಮಗು ಹೇಗೆ ಆಡುತ್ತದೆ, ಯಾರನ್ನು ನೋಡುತ್ತದೆ ಎಂಬುದನ್ನು ಕಾಣುವ ಅವಕಾಶ ಇರುವುದು ನನಗೆ, ನಮ್ಮ ಪಬ್ಲಿಕ್ ಹೆಲ್ತ್ ನರ್ಸ್‌ಗೆ, ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ. ನಮ್ಮ ಕಣ್ಣಿಗೆ ಬೀಳದಿದ್ದರೆ ಒಂದನೇ ತರಗತಿಗೆ ಸೇರಿಸುವ ದಿನ ಹೆಡ್‌ಮಾಸ್ಟರರ ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ಮಗುವಿಗೆ ಐದು ದಾಟಿರುತ್ತದೆ.

ಮೊದಲು ನಮ್ಮ ತಂಡಕ್ಕೆ ಏನು ಗೊತ್ತಿದೆ ಎಂದು ತಿಳಿಯಬೇಕಿತ್ತು. ಆರೋಗ್ಯ ಕಾರ್ಯಕರ್ತರಿಗೆ ಬಾಲ್ಯದ ಆಟಿಸಂ ಬಗ್ಗೆ ಇರುವ ತಿಳಿವಳಿಕೆಯನ್ನು ಅಳೆಯಲು 2008ರ ಸುಮಾರಿಗೆ ನೈಜೀರಿಯಾದ ಮನೋವೈದ್ಯರು ರೂಪಿಸಿದ 19 ಪ್ರಶ್ನೆಗಳ ಪಟ್ಟಿಯೊಂದಿದೆ. ತಿಂಗಳ ಸಭೆಯೊಂದರಲ್ಲಿ ಅದನ್ನೇ ಹಿಡಿದುಕೊಂಡು ಕುಳಿತೆವು. ನನಗೆ ಆಶ್ಚರ್ಯವಾದದ್ದು ತಿಳಿವಳಿಕೆ ಕಡಿಮೆಯಿತ್ತು ಎಂದಲ್ಲ, ಅದು ಒಂದೇ ಕಡೆಗೆ ವಾಲಿತ್ತು ಎಂದು. ಕೈ ಅಲ್ಲಾಡಿಸುವುದು, ತಿರುಗುವ ಫ್ಯಾನನ್ನೇ ದಿಟ್ಟಿಸುವುದು, ಆಟಿಕೆಗಳನ್ನು ಸಾಲಾಗಿ ಜೋಡಿಸುವುದು, ಇವೆಲ್ಲ ಎಲ್ಲರಿಗೂ ಗೊತ್ತಿತ್ತು. ಇರುವ ಲಕ್ಷಣ ಕಣ್ಣಿಗೆ ಹೊಡೆಯುತ್ತದೆ. ಆದರೆ ಒಂದೂವರೆ ವರ್ಷದ ಮಗುವಿನಲ್ಲಿ ನೋಡಬೇಕಾದದ್ದು ಹೆಚ್ಚಾಗಿ ಇಲ್ಲದಿರುವ ಸಂಗತಿಗಳನ್ನು: ಬೆರಳು ತೋರಿಸುವುದಿಲ್ಲ, ಕರೆದರೆ ತಿರುಗುವುದಿಲ್ಲ, ಸಿಕ್ಕಿದ ವಸ್ತುವನ್ನು ತಂದು ತಾಯಿಗೆ ತೋರಿಸುವುದಿಲ್ಲ. ಇದನ್ನು ಯಾರೂ ದೂರಾಗಿ ಹೇಳಿಕೊಂಡು ಬರುವುದಿಲ್ಲ. ‘ಪಾಪದ ಮಗು, ಒಬ್ಬನೇ ಆಡಿಕೊಂಡಿರುತ್ತಾನೆ, ತಾಯಿಗೆ ಉಪದ್ರವೇ ಇಲ್ಲ’ ಎಂದು ಆಶಾ ಕಾರ್ಯಕರ್ತೆಯೊಬ್ಬರು ಮೆಚ್ಚಿ ಹೇಳಿದ ಮಗುವನ್ನು ಕರೆಸಿ ನೋಡಿದ ಮೇಲೆ, ‘ಉಪದ್ರವ ಕೊಡದ ಮಗುವನ್ನು ಮೊದಲು ತೋರಿಸಿ’ ಎಂದು ಎಲ್ಲರಿಗೂ ಹೇಳತೊಡಗಿದೆ.

ಇನ್ನು ಯಾವಾಗ ನೋಡುವುದು? ಇದಕ್ಕಾಗಿ ಬೇರೆ ಶಿಬಿರ ಮಾಡಿದರೆ ಗುಮಾನಿ ಇರುವವರು ಬರುವುದಿಲ್ಲ, ಇಲ್ಲದವರು ತುಂಬಿಕೊಳ್ಳುತ್ತಾರೆ. ಆದರೆ 16ರಿಂದ 24 ತಿಂಗಳ ನಡುವೆ ಡಿಪಿಟಿ ಬೂಸ್ಟರ್ ಮತ್ತು ದಡಾರ–ರುಬೆಲ್ಲಾದ ಎರಡನೇ ಡೋಸಿಗೆ ಮಕ್ಕಳು ಹೇಗೂ ಬರುತ್ತಾರೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಂ–ಚಾಟ್ ಎಂಬ 20 ಪ್ರಶ್ನೆಗಳ ತಪಾಸಣೆ ಇರುವುದೂ 16ರಿಂದ 30 ತಿಂಗಳ ಮಕ್ಕಳಿಗೇ. ನಮ್ಮ ಬುಧವಾರದ ಲಸಿಕೆಯ ದಿನಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ? ಅಡ್ಡಿಯಾಗಿದ್ದದ್ದು ಕ್ರಮ ಮಾತ್ರ. ಮಗು ಬಂತು, ತೂಕ ನೋಡಿ, ಸೂಜಿ ಚುಚ್ಚಿ, ಆಮೇಲೆ ಅರ್ಧ ಗಂಟೆ ಕೂರಿಸಿ ಬೆಳವಣಿಗೆ ವಿಚಾರಿಸುತ್ತಿದ್ದೆವು. ಸೂಜಿ ಬಿದ್ದ ಮಗು ಯಾರನ್ನು ನೋಡಿ ನಗುತ್ತದೆ! ಹಾಗಾಗಿ ಸೂಜಿಯ ಕೋಣೆಗೆ ಹೋಗುವ ಮೊದಲು ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಹತ್ತು ನಿಮಿಷ ಎಂದು ಮಾಡಿಕೊಂಡೆವು. ಬಿಳಿ ಕೋಟು, ಟ್ರೇ ಯಾವುದೂ ಅಲ್ಲಿ ಕಾಣಿಸಬಾರದು.

ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್ ರೂಪಿಸಿದ, ಮಕ್ಕಳ ಬೆಳವಣಿಗೆ ನೋಡುವ ಟಿಡಿಎಸ್‌ಸಿ ಚಾರ್ಟು ನಮ್ಮಲ್ಲಿ ಮೊದಲಿನಿಂದಲೂ ಗೋಡೆಯ ಮೇಲಿದೆ. ಮಗುವಿನ ವಯಸ್ಸಿನ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಟ್ಟರೆ ಎಡಗಡೆಯದ್ದೆಲ್ಲ ಬಂದಿರಬೇಕು, ಅಷ್ಟೇ ಲೆಕ್ಕ. ಒಳ್ಳೆಯ ಚಾರ್ಟು, ಬಿಡಬಾರದು. ಆದರೆ ಅದರ ಹೆಚ್ಚಿನ ಅಂಶಗಳು ಕುತ್ತಿಗೆ ನಿಲ್ಲುವುದು, ಮಗುಚುವುದು, ನಡೆಯುವುದು ಮುಂತಾದವು. ಆಟಿಸಂ ಇರುವ ಎಷ್ಟೋ ಮಕ್ಕಳು ಹೊತ್ತಿಗೆ ಸರಿಯಾಗಿ ನಡೆಯುತ್ತವೆ. ಪೆನ್ಸಿಲಿನ ಪರೀಕ್ಷೆಯಲ್ಲಿ ಪಾಸು.

ಚಾಪೆಯ ಮೇಲೆ ಮಾಡುವುದು ಇಷ್ಟು. ಮಗುವಿನ ಮನೆಯ ಹೆಸರನ್ನು ಮೊದಲು ಕೇಳಿಕೊಳ್ಳುತ್ತೇವೆ. ಕಾರ್ಡಿನಲ್ಲಿ ಎರಡು ಸಾಲಿನ ಹೆಸರು, ಮನೆಯಲ್ಲಿ ಅಪ್ಪು ಅಥವಾ ಮೋನು. ಕಾರ್ಡಿನ ಹೆಸರು ಹಿಡಿದು ಕರೆದು ‘ತಿರುಗಲಿಲ್ಲ’ ಎಂದು ಬರೆದರೆ ಅದು ಮಗುವಿಗೆ ಮಾಡುವ ಅನ್ಯಾಯ. ತಾಯಿ ಹಿಂದೆ ಕುಳಿತು ಕರೆಯುತ್ತಾರೆ, ನರ್ಸ್ ಎದುರಿನಿಂದ ಮುಖ ನೋಡುತ್ತಾರೆ. ಆಮೇಲೆ ಖಾಲಿ ಸ್ಟೀಲ್ ಲೋಟ ಮತ್ತು ಚಮಚ ಕೊಡುತ್ತೇವೆ. ಕುಡಿದ ಹಾಗೆ ಮಾಡುತ್ತದೆಯೇ, ಅಮ್ಮನ ಬಾಯಿಗೂ ಹಿಡಿಯುತ್ತದೆಯೇ, ಅಥವಾ ಲೋಟವನ್ನು ನೆಲದ ಮೇಲೆ ಗಿರಗಿರ ತಿರುಗಿಸುತ್ತಲೇ ಇರುತ್ತದೆಯೇ? ಮೂರನೆಯದು ಬೆರಳು. ಕಿಟಕಿಯಾಚೆಯ ಮರದಲ್ಲಿ ಮಂಗಗಳಿಗೆ ಬರವಿಲ್ಲ. ತೋಟದವರ ಶಾಪ ನಮ್ಮ ಪಾಲಿಗೆ ವರ. ‘ಅಗೋ ಮಂಗ’ ಎಂದು ನಾವು ಕೈ ತೋರಿಸಿದಾಗ ಮಗು ಮಂಗನನ್ನು ನೋಡುತ್ತದೆಯೇ, ನಮ್ಮ ಕೈಯನ್ನೇ ನೋಡುತ್ತದೆಯೇ, ಎರಡೂ ಇಲ್ಲವೇ? ಮಂಗನನ್ನು ನೋಡಿ, ಮತ್ತೆ ತಿರುಗಿ ಅಮ್ಮನ ಮುಖ ನೋಡಿದರೆ ನನಗೆ ಅರ್ಧ ಸಮಾಧಾನ. ನೀನೂ ಕಂಡೆಯಾ ಎಂದು ಕೇಳುವ ಆ ನೋಟಕ್ಕಾಗಿಯೇ ಅಷ್ಟು ಹೊತ್ತು ಕಾಯುವುದು.

ಬಿಸ್ಕೆಟ್ ಬೇಕೆಂದು ಬೆರಳು ತೋರಿಸುವುದು ಬೇರೆ, ಮಂಗ ಇದೆ ಎಂದು ತೋರಿಸುವುದು ಬೇರೆ. ನರ್ಸ್‌ಗಳಿಗೆ ಕಲಿಸಲು ಹೆಚ್ಚು ಸಮಯ ಹಿಡಿದದ್ದು ಇದೇ. ಮೊದಲನೆಯದು ಇದ್ದು ಎರಡನೆಯದು ಇಲ್ಲದ ಮಕ್ಕಳಿವೆ. ದೊಡ್ಡವರ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಮುಖ ನೋಡದೆ, ಆ ಕೈಯನ್ನೇ ಡಬ್ಬಿಯ ಮೇಲೆ ಇಡುವ ಮಕ್ಕಳೂ ಇವೆ.

ಪ್ರಶ್ನಾವಳಿಯ ಮಾತಿಗೆ ಬಂದರೆ, ‘ಹೌದು–ಇಲ್ಲ’ ಎಂದು ಟಿಕ್ ಹಾಕಿಸಿಕೊಂಡರೆ ಎಲ್ಲರೂ ಹೌದು ಎನ್ನುತ್ತಾರೆ. ಮಗುವಿನ ಬಗ್ಗೆ ಕೇಳಿದಾಗ ಇಲ್ಲ ಎಂದು ಯಾವ ತಾಯಿ ಒಪ್ಪುತ್ತಾಳೆ, ಅದೂ ಅತ್ತೆ ಪಕ್ಕದಲ್ಲಿ ಕುಳಿತಿರುವಾಗ? ಒಮ್ಮೆ ನಡೆದ ಸಂಭಾಷಣೆ ಹೀಗಿತ್ತು. ‘ಕರೆದರೆ ತಿರುಗುತ್ತಾನೆಯೇ?’ ‘ತಿರುಗುತ್ತಾನೆ.’ ‘ನಿನ್ನೆ ಯಾವಾಗ ಕರೆದಿರಿ?’ ‘ಸಂಜೆ.’ ‘ಎಷ್ಟು ಸಲ ಕರೆದ ಮೇಲೆ ತಿರುಗಿದ?’ ತಾಯಿ ಸುಮ್ಮನಾದರು. ಅತ್ತೆ ಹೇಳಿದರು: ‘ಮೊಬೈಲಿನಲ್ಲಿ ಹಾಡು ಹಾಕಿದಾಗ ಆಚೆ ಕೋಣೆಯಿಂದ ಓಡಿ ಬರುತ್ತಾನಲ್ಲ.’ ಅದು ಕಿವಿ ಕೇಳಿಸುತ್ತದೆ ಎಂಬುದಕ್ಕೆ ಸುಳಿವು, ಹೆಸರಿಗೆ ತಿರುಗುತ್ತಾನೆ ಎಂಬುದಕ್ಕೆ ಅಲ್ಲ. ಎಂ–ಚಾಟ್‌ನಲ್ಲಿ ಗುಮಾನಿ ಹುಟ್ಟಿಸುವ ಉತ್ತರಗಳಿಗೆ ಸಿಗುವ ಅಂಕ 3ರಿಂದ 7ರೊಳಗೆ ಬಂದರೆ ಹೀಗೆ ಉದಾಹರಣೆ ಕೇಳುವ ಎರಡನೇ ಸುತ್ತು ಕಡ್ಡಾಯ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರ ಮುಂದಕ್ಕೆ ಕಳುಹಿಸಬೇಕು. ನಾವು ಅನುಮಾನ ಬಂದವರಿಗೆಲ್ಲ ಎರಡನೇ ಸುತ್ತು ಮಾಡುತ್ತೇವೆ, ತಾಯಿಯ ಮನೆಮಾತಿನಲ್ಲೇ.

ಮನೆಮಾತು ಎಂದಾಗ ಕಾಸರಗೋಡಿನ ಮಾಮೂಲಿ ಸಮಜಾಯಿಷಿ ನೆನಪಾಗುತ್ತದೆ. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ ಅಥವಾ ಮರಾಠಿ. ಮಗು ಗೊಂದಲದಿಂದ ಮಾತು ತಡ ಮಾಡುತ್ತಿದೆ ಎಂದು. ವೈದ್ಯರೂ ಇದನ್ನು ಹೇಳಿ ಕಳುಹಿಸಿದ್ದನ್ನು ಕಂಡಿದ್ದೇನೆ. ಹಲವು ಭಾಷೆ ಕೇಳಿದ್ದರಿಂದ ಆಟಿಸಂ ಬರುವುದಿಲ್ಲ, ಆಟಿಸಂ ಇರುವ ಮಗುವಿಗೆ ಎರಡು ಭಾಷೆಯಿಂದ ತೊಂದರೆಯಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ. ಹಾಗೆ ನೋಡಿದರೆ ನಮ್ಮ ಊರಿನ ಮಕ್ಕಳೆಲ್ಲ ಮೂಕರಾಗಬೇಕಿತ್ತು. ಬಜೆ ತೇಯ್ದು ನಾಲಗೆಗೆ ಹಚ್ಚುವುದು, ಅಪ್ಪನಿಗೂ ನಾಲ್ಕು ವರ್ಷಕ್ಕೇ ಮಾತು ಬಂದದ್ದು ಎನ್ನುವುದು ಈ ಸಾಲಿನಲ್ಲೇ ಬರುತ್ತವೆ. ಬಜೆಯ ಬಗ್ಗೆ ನಾನು ಜಗಳಕ್ಕೆ ಹೋಗುವುದಿಲ್ಲ, ಕಾಯುವುದರ ಬಗ್ಗೆ ಹೋಗುತ್ತೇನೆ.

ಲಸಿಕೆಯ ದಿನವೇ ತಪಾಸಣೆ ಇಟ್ಟುಕೊಳ್ಳುವುದರಲ್ಲಿ ಒಂದು ಅಪಾಯವಿದೆ, ಮುಚ್ಚಿಡುವುದಿಲ್ಲ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ‘ಲ್ಯಾನ್ಸೆಟ್’ನಲ್ಲಿ ಬರೆದ, 2010ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡ ಪ್ರಬಂಧದಿಂದ ಹುಟ್ಟಿದ, ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಗಾಳಿಸುದ್ದಿ ವಾಟ್ಸ್ಆ್ಯಪ್ ಮೂಲಕ ನಮ್ಮ ಗುಡ್ಡೆಗೂ ಹತ್ತಿದೆ. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ ಎಂದು ಹೇಳಬಹುದು, ಹೇಳುತ್ತೇನೆ ಕೂಡ. ಆದರೆ ಕೆಲವು ಮಕ್ಕಳು ಈ ವಯಸ್ಸಿನಲ್ಲೇ ಕಲಿತ ನಾಲ್ಕು ಮಾತನ್ನೂ ಕಳೆದುಕೊಳ್ಳುತ್ತವೆ, ಬೂಸ್ಟರ್ ಬೀಳುವುದೂ ಆಗಲೇ. ತಾಯಿ ಎರಡನ್ನೂ ಕೂಡಿಸಿ ನೋಡುವುದು ಸಹಜ. ಸೂಜಿಗೆ ಮೊದಲು ನೋಡಿ, ಕಾರ್ಡಿನಲ್ಲಿ ದಿನಾಂಕ ಸಹಿತ ಬರೆದಿಡುವುದು ಇಲ್ಲಿ ಇನ್ನೊಂದು ರೀತಿಯಲ್ಲೂ ಉಪಯೋಗಕ್ಕೆ ಬಂತು. ‘ಚುಚ್ಚುವ ಮೊದಲೇ ಇದನ್ನು ನೀವೂ ನಾವೂ ಒಟ್ಟಿಗೆ ನೋಡಿದ್ದೇವಲ್ಲ’ ಎಂದರೆ ವಾದ ಅಲ್ಲಿಗೆ ಮುಗಿಯುತ್ತದೆ.

ಎಂಡೋಸಲ್ಫಾನ್ ಕೀಟನಾಶಕದ ಮಾತು ಬರದೆ ಈ ಜಿಲ್ಲೆಯಲ್ಲಿ ಯಾವ ಮಗುವಿನ ತೊಂದರೆಯೂ ಚರ್ಚೆಯಾಗುವುದಿಲ್ಲ. ಸರ್ಕಾರಿ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ದಲ್ಲಿ ನಿಂತಿತು, ಆದರೆ ಅದನ್ನು ಉಂಡ ಊರುಗಳ ನೆನಪು ನಿಂತಿಲ್ಲ. ‘ಇದೂ ಅದೇಯೋ’, ‘ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಬರುತ್ತದೆಯೋ’ ಎಂಬ ಎರಡು ಪ್ರಶ್ನೆಗಳು ಒಟ್ಟೊಟ್ಟಿಗೆ ಬರುತ್ತವೆ. ಒಂದು ಮಗುವಿನ ಆಟಿಸಂಗೆ ಇಂಥದ್ದೇ ಕಾರಣ ಎಂದು ಚಾಪೆಯ ಮೇಲೆ ಕುಳಿತು ಹೇಳಲು ಬರುವುದಿಲ್ಲ, ಕಾರಣ ಸಿಗುವವರೆಗೆ ಮಗುವನ್ನು ಕಾಯಿಸಲೂ ಬರುವುದಿಲ್ಲ. ಪಟ್ಟಿಯ ಅರ್ಜಿ ಅದರ ದಾರಿಯಲ್ಲಿ ಹೋಗಲಿ, ಚಿಕಿತ್ಸೆ ಇಂದೇ ಶುರುವಾಗಲಿ ಎನ್ನುತ್ತೇನೆ.

ಹೇಳುವ ಮಾತಿನಲ್ಲಿ ನಾನು ‘ಆಟಿಸಂ ಇದೆ’ ಎನ್ನುವುದಿಲ್ಲ. ನಮ್ಮದು ಜರಡಿ ಹಿಡಿಯುವ ಕೆಲಸ, ರೋಗನಿರ್ಣಯವಲ್ಲ. ಅಮೆರಿಕದಲ್ಲಿ 16 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂ–ಚಾಟ್‌ನ ಎರಡೂ ಸುತ್ತಿನಲ್ಲಿ ಸಿಕ್ಕಿಬಿದ್ದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಆಟಿಸಂ ಇತ್ತು, ನೂರರಲ್ಲಿ ಸುಮಾರು 95ಕ್ಕೆ ಬೆಳವಣಿಗೆಯಲ್ಲಿ ಒಂದಲ್ಲ ಒಂದು ತೊಡಕಿತ್ತು. ಹಾಗಾಗಿ ‘ಹೆಸರು ಏನೇ ಇರಲಿ, ಈ ಮಗುವಿಗೆ ಸಹಾಯ ಬೇಕು’ ಎಂದು ಧೈರ್ಯವಾಗಿ ಹೇಳಬಹುದು. ‘ಬಡ್ಸ್ ಶಾಲೆಗೆ ಹಾಕಬೇಕಾಗುತ್ತದೆಯೇ’ ಎಂದು, ಬೌದ್ಧಿಕ ತೊಡಕಿರುವ ಮಕ್ಕಳ ವಿಶೇಷ ಶಾಲೆಯನ್ನು ನೆನೆದು, ಅಪ್ಪಂದಿರು ಕೇಳುತ್ತಾರೆ. ಎರಡು ವರ್ಷದ ಮಗುವಿಗೆ ಶಾಲೆಯ ಚಿಂತೆ ಈಗ ಬೇಡ, ಮೊದಲು ಕಿವಿ ಪರೀಕ್ಷೆ ಎನ್ನುತ್ತೇನೆ. ಕಿವಿಯ ವರದಿ ಇಲ್ಲದೆ ಮುಂದೆ ಹೋದರೆ ಅಲ್ಲಿಂದ ಮತ್ತೆ ವಾಪಸು ಕಳುಹಿಸುತ್ತಾರೆ, ಒಂದು ದಿನದ ಕೂಲಿ ಹೋಯಿತು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಶೀಘ್ರ ಚಿಕಿತ್ಸಾ ಕೇಂದ್ರ ಕಾಞಂಗಾಡಿನಲ್ಲಿದೆ. ನಮ್ಮ ಜನರಿಗೆ ಮಂಗಳೂರು ರೂಢಿ: ಭಾಷೆ ಹತ್ತಿರ, ನೆಂಟರು ಹತ್ತಿರ. ಬೇಡ ಎನ್ನುವುದಿಲ್ಲ. ಆದರೆ ಥೆರಪಿ ಎಂದರೆ ವಾರವಾರ ಹೋಗುವ ಕೆಲಸ, ಖಾಸಗಿಯಲ್ಲಿ ದುಡ್ಡು ಬೇಗ ಮುಗಿಯುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಮಂಗಳೂರಿನ ದಾರಿಯ ತಲಪಾಡಿಯಲ್ಲಿ ಗಡಿ ಮುಚ್ಚಿ ರೋಗಿಗಳು ದಾಟಲಾಗದೆ ಹೋದದ್ದನ್ನು ಇಲ್ಲಿಯವರು ಮರೆತಿಲ್ಲ. ಅದಕ್ಕೇ ಎರಡೂ ಕಡೆ ಫೈಲ್ ಮಾಡಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಮುಂದೆ ಗುರುತುಚೀಟಿ, ಸೌಲಭ್ಯ ಎಂದಾಗ ನಮ್ಮ ಜಿಲ್ಲೆಯ ಕಾಗದ ಬೇಕಾಗುತ್ತದೆ.

ಸರದಿ ಬರುವವರೆಗೆ ಮನೆಯಲ್ಲಿ ಮಾಡಲು ಒಂದೆರಡು ಕೆಲಸ ಹೇಳಿಕೊಡುತ್ತೇವೆ: ನೆಲದ ಮೇಲೆ ಮಗುವಿನ ಎದುರು ಕೂರುವುದು, ಅದು ಹಿಡಿದದ್ದರ ಬಗ್ಗೆಯೇ ಚಿಕ್ಕ ಚಿಕ್ಕ ಮಾತು ಆಡುವುದು, ಇಷ್ಟದ ತಿಂಡಿಯನ್ನು ಕಾಣುವಂತೆ ಆದರೆ ಕೈಗೆ ಎಟುಕದಂತೆ ಇಟ್ಟು ಅದು ನಮ್ಮ ಕಡೆ ನೋಡುವವರೆಗೆ ತಾಳುವುದು. ತಾಳುವುದು ಅಜ್ಜಿಯರಿಗೆ ಆಗುವುದೇ ಇಲ್ಲ.

ನನಗೆ ಈಗಿರುವ ತಲೆನೋವು ವರ್ಗಾವಣೆ. ಕಣ್ಣು ಪಳಗಿದ ನರ್ಸ್ ಬೇರೆ ಪಂಚಾಯತಿಗೆ ಹೋಗುತ್ತಾರೆ, ಹೊಸಬರು ತೆಂಕಣ ಜಿಲ್ಲೆಯವರಾದರೆ ತುಳು ಬರುವುದಿಲ್ಲ. ಅವರ ಜೊತೆ ಆಶಾ ಕಾರ್ಯಕರ್ತೆಯನ್ನು ಕೂರಿಸುತ್ತೇವೆ, ಒಬ್ಬರು ಕೇಳುವುದು, ಒಬ್ಬರು ನೋಡುವುದು. ಜೋರು ಮಳೆಯ ಬುಧವಾರಗಳಲ್ಲಿ ಮಕ್ಕಳು ಕಡಿಮೆ ಬರುತ್ತವೆ, ಕಲಿಸಲು ಪುರುಸೊತ್ತು ಆಗಲೇ ಸಿಗುವುದು. ಮಂಗಗಳು ಮಾತ್ರ ಮಳೆಗೆ ಬರುವುದಿಲ್ಲ, ಹಾಗಾಗಿ ಆ ದಿನಗಳಿಗೆಂದು ಸೋಪಿನ ಗುಳ್ಳೆಯ ಡಬ್ಬಿ ತಂದಿಟ್ಟುಕೊಂಡಿದ್ದೇವೆ.