ಕಾಫಿಯಲ್ಲಿ ಬೆಳೆದ ನೊಣ, ಸೀಬೆಗೆ ಬಿದ್ದ ಪೆಟ್ಟು

ಕಾಫಿ ಬೆಳೆಯುವವರ ಮಾತೆಲ್ಲ ಬಿಳಿ ಕಾಂಡಕೊರಕ ಮತ್ತು ಕಾಯಿಕೊರಕದ ಸುತ್ತಲೇ ಇರುತ್ತದೆ. ಹಣ್ಣುನೊಣವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರೀ ಕಾಫಿ ಇರುವ ತೋಟದಲ್ಲಿ ಅದು ಸರಿ. ಆದರೆ ಕಾಫಿಯ ಜೊತೆಗೆ ಸೀಬೆ, ಮಾವು ಇರುವ ಸಾವಯವ ತೋಟದಲ್ಲಿ ಅದನ್ನು ಕಂಡೂ ಕಾಣದಂತೆ ಬಿಡುವ ಹಾಗಿಲ್ಲ.

ನಮ್ಮ ಜಮೀನು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕೊಡಗಿನ ಗಡಿಗೆ ಹತ್ತಿರದಲ್ಲಿದೆ. ಸುತ್ತಲೂ ಹೊಗೆಸೊಪ್ಪು ಮತ್ತು ಮುಸುಕಿನ ಜೋಳ. ಅಡಿಕೆ, ಸಿಲ್ವರ್ ಓಕ್ ನೆರಳಿನಲ್ಲಿ ಚಂದ್ರಗಿರಿ ಎಂಬ ಅರೇಬಿಕಾ ತಳಿಯ ಕಾಫಿ ಹಾಕಿದ್ದೇವೆ. ಅದರ ಪಕ್ಕದಲ್ಲಿ ನೆರಳಿಲ್ಲದ ಒಂದು ಪಟ್ಟಿ ಕಾಫಿ, ಆಚೆಗೆ ಸೀಬೆ, ಬದುವಿನ ಮೇಲೆ ಮಾವು.

ಸೀಬೆಯಲ್ಲಿ ಹುಳ ಬೀಳುವುದು ಹೊಸದಲ್ಲ. ಮಳೆಗಾಲದ ಫಸಲಿನಲ್ಲಿ ಅದು ಎಲ್ಲರಿಗೂ ಗೊತ್ತಿರುವ ಗೋಳು. ಕಾಫಿಯಲ್ಲೂ ಹುಳ ಇರುವುದನ್ನು ತೋರಿಸಿಕೊಟ್ಟವರು ಕೊಯ್ಲಿಗೆ ಬರುವ ಹಿರಿಯರೊಬ್ಬರು. ಮೆತ್ತಗಾಗಿದ್ದ ಒಂದು ಹಣ್ಣನ್ನು ಹಿಸುಕಿ, "ನೋಡಪ್ಪ, ಹುಳ ಇದೆ. ಆದರೆ ಬೀಜಕ್ಕೆ ಏನೂ ಆಗಿಲ್ಲ" ಎಂದರು. ಅಂಗೈ ಮೇಲೆ ಕಾಲಿಲ್ಲದ ಬೆಳ್ಳನೆಯ ಹುಳ ಹೊರಳಿತು, ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಚಿಮ್ಮಿ ನೆಲಕ್ಕೆ ಬಿತ್ತು. ಪೂರ್ತಿ ಬಲಿತ ಹಣ್ಣುನೊಣದ ಮರಿಯ ಗುರುತು ಆ ಜಿಗಿತ. ಕಾಯಿಕೊರಕವಾದರೆ ಕಾಯಿಯ ತುದಿಯಲ್ಲಿ ಸೂಜಿಮೊನೆಯಷ್ಟು ದುಂಡು ತೂತು ಇರುತ್ತದೆ, ಬೀಜವೇ ಕೊರೆದುಹೋಗಿರುತ್ತದೆ. ಹಣ್ಣುನೊಣದ ಮರಿ ತಿರುಳನ್ನಷ್ಟೇ ತಿನ್ನುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್ ಬಳಿ, ಸಿಪ್ಪೆಯ ರಾಶಿಯ ಮೇಲೆ ಗುಂಪುಗಟ್ಟುವ ಸಣ್ಣ ನೊಣಗಳು ಬೇರೆಯೇ ಜಾತಿ. ಅವು ಕೊಳೆತದ್ದಕ್ಕೆ ಬರುತ್ತವೆ, ಅವುಗಳಿಗೆ ಹೆದರಬೇಕಿಲ್ಲ.

ಬೀಜ ಉಳಿಯಿತು ಎಂದು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಮಾವು ಮುಗಿಯುವ ಹೊತ್ತಿಗೆ ಸೀಬೆ, ಸೀಬೆ ತಗ್ಗುವ ಹೊತ್ತಿಗೆ ಕಾಫಿ ಹಣ್ಣು. ನೊಣಕ್ಕೆ ನಮ್ಮ ತೋಟದಲ್ಲಿ ವರ್ಷದ ಬಹುಪಾಲು ಊಟ ಸಿಗುತ್ತಿತ್ತು. ಕಾಫಿಯಲ್ಲಿ ಹುಟ್ಟಿದ ನೊಣ ಕಾಫಿಗೆ ಮಾಡದ ಕೇಡನ್ನು ಸೀಬೆಗೆ ಮಾಡುತ್ತದೆ. ಲ್ಯಾಟಿನ್ ಅಮೆರಿಕ ಮತ್ತು ಹವಾಯಿಯ ಕಾಫಿ ತೋಟಗಳಲ್ಲಿ ಮೆಡಿಟರೇನಿಯನ್ ಹಣ್ಣುನೊಣದ ಕಾಟವಿದೆ. ಆ ಜಾತಿ ಭಾರತದಲ್ಲಿ ನೆಲೆಯೂರಿಲ್ಲ. ನಮ್ಮಲ್ಲಿ ಮಾವು, ಸೀಬೆಯನ್ನು ಕೆಡಿಸುವುದು ಬ್ಯಾಕ್ಟ್ರೊಸೆರಾ ಕುಲದ ನೊಣಗಳು.

ಮೊದಲು ಮೋಹಕ ಬಲೆ ಕಟ್ಟಿದೆ. ಅದರಲ್ಲಿಡುವ ಮೀಥೈಲ್ ಯೂಜಿನಾಲ್ ಎಂಬ ರಾಸಾಯನಿಕದ ವಾಸನೆಗೆ ಗಂಡು ನೊಣಗಳು ಹುಡುಕಿಕೊಂಡು ಬರುತ್ತವೆ. ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್ 1912ರಲ್ಲಿ ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ನೊಣಗಳು ಮುತ್ತುವುದನ್ನು ಬರೆದಿಟ್ಟರು. ಆ ಎಣ್ಣೆಯಲ್ಲಿದ್ದ ಮೀಥೈಲ್ ಯೂಜಿನಾಲ್ ಜಾಡು ಹಿಡಿದೇ ಈ ಬಲೆ ಬಂದದ್ದು. ತುಳಸಿಯಲ್ಲೂ ಈ ಅಂಶವಿದೆ. ಜಜ್ಜಿದ ತುಳಸಿ ಎಲೆ ಇಟ್ಟರೂ ನೊಣ ಬರುತ್ತದೆ, ಆದರೆ ವಾಸನೆ ಬೇಗ ಆರಿಹೋಗುತ್ತದೆ. ಎಕರೆಗೆ ಆರರಿಂದ ಎಂಟು ಬಲೆ, ತಲೆಯೆತ್ತರದಲ್ಲಿ, ಬಿಸಿಲು ನೇರ ಬೀಳದ ಕೊಂಬೆಗೆ ಕಟ್ಟಿದೆ. ವಿಷದ ಬದಲು ಅಡಿಯಲ್ಲಿ ಸೋಪಿನ ನೀರು ಇಟ್ಟೆ.

ನೆರಳಿನ ಕಾಫಿಯ ಬಲೆಗಳಲ್ಲಿ ನೊಣ ರಾಶಿ ಬಿದ್ದವು, ಬಯಲು ಪಟ್ಟಿಯಲ್ಲಿ ಕಡಿಮೆ. ಹಣ್ಣು ಬಿಡಿಸಿ ನೋಡಿದರೆ ಹುಳ ಹೆಚ್ಚಿದ್ದದ್ದು ಸೀಬೆಗೆ ಅಂಟಿಕೊಂಡ ಬಯಲು ಪಟ್ಟಿಯಲ್ಲೇ. ಬಿಸಿಲೇರಿದಾಗ ನೊಣಗಳು ತಣ್ಣಗಿರುವ ಎಲೆಗಳ ಮರೆಗೆ ಸರಿಯುತ್ತವೆ, ಸಂಜೆಗತ್ತಲಲ್ಲಿ ಕೂಡುತ್ತವೆ. ಹೀಗಾಗಿ ಬಲೆಯ ಲೆಕ್ಕ ಗಂಡುಗಳು ತಂಗುವ ಜಾಗವನ್ನು ಹೇಳುತ್ತದೆಯೇ ಹೊರತು ಹೆಣ್ಣು ಮೊಟ್ಟೆಯಿಡುವ ಜಾಗವನ್ನಲ್ಲ. ಇದನ್ನು ಕೇಳಿ ಕೆಲವರು "ಹಾಗಾದರೆ ನೆರಳು ಕಡಿಸಿಬಿಡಿ ಅಣ್ಣ" ಎಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅರೇಬಿಕಾಕ್ಕೆ ಬಿಸಿಲು ಹೆಚ್ಚಾದಷ್ಟೂ ಬಿಳಿ ಕಾಂಡಕೊರಕ ಹೆಚ್ಚುತ್ತದೆ, ಅದು ಗಿಡವನ್ನೇ ಬಲಿ ತೆಗೆದುಕೊಳ್ಳುತ್ತದೆ.

ನಿಜವಾದ ಕೆಲಸ ನೆಲದಲ್ಲಿತ್ತು. ಬಲಿತ ಮರಿ ಹಣ್ಣಿನಿಂದ ಹೊರಬಂದು ಮೇಲ್ಮಣ್ಣಿನಲ್ಲಿ, ಎರಡು ಮೂರು ಬೆರಳಿನ ಆಳದಲ್ಲಿ ಕೋಶವಾಗುತ್ತದೆ. ಸೀಬೆಯ ಬುಡದಲ್ಲಿ ಮಣ್ಣನ್ನು ಮೆಲ್ಲಗೆ ಕೆದಕಿದೆ. ಕಂದು ಬಣ್ಣದ ಕೋಶಗಳು ಬಿಸಿಲಿಗೆ ಬಂದವು, ಇರುವೆಗಳು ಮತ್ತು ನಮ್ಮ ಕೋಳಿಗಳು ಉಳಿದದ್ದನ್ನು ನೋಡಿಕೊಂಡವು. ನೆರಳಿನ ಕಾಫಿಯಲ್ಲಿ ಇದು ಆಗದು. ಅಲ್ಲಿ ತರಗೆಲೆಯ ಹೊದಿಕೆ ತೆಗೆದರೆ ತೇವ ಹೋಗುತ್ತದೆ, ಮೇಲುಬೇರು ಕಡಿದುಹೋಗುತ್ತದೆ. ಆದ್ದರಿಂದ ಅಲ್ಲಿ ಹಣ್ಣು ನೆಲಕ್ಕೆ ಬೀಳದಂತೆ ನೋಡಿಕೊಳ್ಳುವುದೊಂದೇ ದಾರಿ. ಫ್ಲೈ ಪಿಕಿಂಗ್, ಅಂದರೆ ಮೊದಲು ಹಣ್ಣಾದದ್ದನ್ನಷ್ಟೇ ಆರಿಸಿ ಬಿಡಿಸುವ ಮೊದಲ ಕೊಯ್ಲನ್ನು ಬೇಗ ಶುರುಮಾಡಿದೆ, ಹಣ್ಣಾದದ್ದನ್ನು ಗಿಡದಲ್ಲಿ ಕಾಯಿಸಲಿಲ್ಲ. ಕೊನೆಯ ಕೊಯ್ಲಾದ ಮೇಲೆ ಗಿಡದಲ್ಲಿ ಒಂದು ಹಣ್ಣೂ ಉಳಿಯದಂತೆ ಬಿಡಿಸಿ, ಉದುರಿದ್ದನ್ನೂ ಹೆಕ್ಕಿಸಿದೆ. ಕೂಲಿ ಹೆಚ್ಚಾಯಿತು, ನಿಜ. ಆದರೆ ಕಾಯಿಕೊರಕಕ್ಕೂ ಇದೇ ಮದ್ದು. ಒಂದು ಕೂಲಿಗೆ ಎರಡು ಕೀಟ ಹತೋಟಿಗೆ ಬರುವುದಾದರೆ ಅದು ದುಬಾರಿಯಲ್ಲ.

ಹೆಕ್ಕಿದ ಹುಳದ ಹಣ್ಣನ್ನು ತಿಪ್ಪೆಗೆ ಎಸೆದರೆ ನೊಣಕ್ಕೆ ಮನೆ ಕಟ್ಟಿಕೊಟ್ಟಂತೆ. ಸೀಬೆಯನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಬಿಸಿಲಿನಲ್ಲಿ ಬೇಯಲು ಬಿಡುತ್ತೇನೆ. ಕಾಫಿ ಹಣ್ಣಿಗೆ ಮಾತ್ರ ಬೇರೆ ವ್ಯವಸ್ಥೆ: ಒಂದು ಡ್ರಮ್, ಅದರ ಬಾಯಿಗೆ ಸಣ್ಣ ಕಣ್ಣಿನ ಜಾಲರಿ. ಕಾಫಿಯ ತಿರುಳು ತೆಳುವಾದ್ದರಿಂದ ನೊಣದ ಮರಿಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪರತಂತ್ರ ಕಣಜಗಳಿಗೆ ಒಳಗಿನ ಮರಿ ಸುಲಭವಾಗಿ ಸಿಗುತ್ತದೆ. ಜಾಲರಿಯಲ್ಲಿ ನೊಣ ಒಳಗೇ ಉಳಿದು ಸಾಯುತ್ತದೆ, ಅದಕ್ಕಿಂತ ಚಿಕ್ಕದಾದ ಕಣಜ ಹೊರಗೆ ಹಾರಿಹೋಗುತ್ತದೆ. ಜಾಲರಿಯ ಅಂಚಿನಲ್ಲಿ ಆ ಪುಟ್ಟ ಕಣಜಗಳು ನುಸುಳುವುದನ್ನು ನಾನು ನೋಡಿದ್ದೇನೆ. ಸಾವಯವಕ್ಕೆ ಬಂದದ್ದಕ್ಕೆ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಅದೇ.

ಸೀಬೆಯ ಮಳೆಗಾಲದ ಫಸಲನ್ನು ಈಗ ಬಿಟ್ಟುಕೊಟ್ಟಿದ್ದೇನೆ. ಬೇಸಿಗೆಯಲ್ಲಿ ನೀರು ತಡೆದು, ಸವರಿ, ಚಳಿಗಾಲದ ಕಾಯಿಯನ್ನಷ್ಟೇ ಹಿಡಿಯುತ್ತೇನೆ. ಕಾಯಿ ನಿಂಬೆ ಗಾತ್ರವಾದಾಗ ಚೀಲ ಕಟ್ಟುತ್ತೇನೆ. ಹುಳ ಪೂರ್ತಿ ಹೋಗಿಲ್ಲ. ಬದುವಿನಾಚೆಯ ತೋಟದಲ್ಲಿ ಹಣ್ಣು ಉದುರಿ ಕೊಳೆಯುತ್ತಿರುವಾಗ ನನ್ನ ತೋಟವೊಂದೇ ಚೊಕ್ಕಟವಾಗಿರಲು ಸಾಧ್ಯವಿಲ್ಲ. ಈ ಸಲ ಪಕ್ಕದ ಇಬ್ಬರು ಬಲೆ ಕಟ್ಟಲು ಒಪ್ಪಿದ್ದಾರೆ. ಮಾವು ಬಲಿಯುವ ಮೊದಲೇ ಮೂರೂ ತೋಟಗಳಲ್ಲಿ ಒಟ್ಟಿಗೆ ಕಟ್ಟುತ್ತೇವೆ.